ವಯಸ್ಸಾದವರ ಕೈಗೆ ಒಗ್ಗದ ಸೆಟ್‌ಟಾಪ್ ಬಾಕ್ಸ್, ರಿಮೋಟ್: ನಿಮ್ಮಲ್ಲಿ ಏನು ಮಾಡುತ್ತೀರಿ?

ನೀರ್ಚಾಲು ಅಕ್ಕ

ಎಲ್ಲರಿಗೂ ನಮಸ್ಕಾರ. ಗಡಿ ಕಡೆಯ ಕನ್ನಡ ಮನೆಯವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಹಳೆಯ ಕೇಬಲ್ ಬಾಕ್ಸ್ ಕೆಟ್ಟುಹೋಗಿ ಹೊಸದು ಬಂದಿದೆ. ಚಿತ್ರ ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಈ ಬಾಕ್ಸ್, ರಿಮೋಟ್ ಮಾಡಿದವರು ವಯಸ್ಸಾದವರ ಪಕ್ಕದಲ್ಲಿ ಒಂದು ದಿನವಾದರೂ ಕೂತು ನೋಡಿದ್ದಾರಾ ಅಂತ ನನಗೆ ಸಂಶಯ.

ಅಮ್ಮನಿಗೆ ಎಂಬತ್ತರ ಹತ್ತಿರ. ಅವರಿಗೆ ಬೇಕಾದದ್ದು ಚಂದನ, ಒಂದು ಧಾರಾವಾಹಿ ಚಾನೆಲ್, ಒಂದು ವಾರ್ತೆ ಚಾನೆಲ್, ರಾತ್ರಿ ಯಕ್ಷಗಾನ ಬರುವ ಒಂದು ಲೋಕಲ್ ಚಾನೆಲ್. ಇಷ್ಟೇ. ಎಲ್ಲಕ್ಕೂ ಮೂರಂಕಿಯ ನಂಬರ್. ಅಮ್ಮ ಮೊದಲ ಅಂಕಿ ಒತ್ತುತ್ತಾರೆ. ಎರಡನೆಯದು ಎಲ್ಲಿದೆ ಅಂತ ರಿಮೋಟನ್ನು ಕಣ್ಣಿನ ಹತ್ತಿರ ತರುತ್ತಾರೆ. ಅದು ಸಿಗುವ ಹೊತ್ತಿಗೆ ಬಾಕ್ಸ್ ಆ ಒಂದೇ ಅಂಕಿಯನ್ನು ಹಿಡಿದುಕೊಂಡು ಬೇರೆ ಎಲ್ಲಿಗೋ ಹೋಗಿಯಾಗಿರುತ್ತದೆ. ಇನ್ನೆರಡು ಸೆಕೆಂಡ್ ಕಾದರೆ ಅದಕ್ಕೇನು ನಷ್ಟ? ಸೆಟ್ಟಿಂಗ್ ಎಲ್ಲ ಜಾಲಾಡಿದೆ, ಆ ಸಮಯ ಬದಲಿಸುವ ಜಾಗವೇ ಇಲ್ಲ.

ರಿಮೋಟ್ ಕಪ್ಪು, ಗುಂಡಿಗಳೂ ಕಪ್ಪು, ಮೇಲೆ ಬೂದು ಬಣ್ಣದ ಸಣ್ಣ ಇಂಗ್ಲಿಷ್ ಅಕ್ಷರ. ಎಲ್ಲ ಗುಂಡಿಯೂ ಒಂದೇ ಗಾತ್ರ. ಸ್ವರ ಕಡಿಮೆ ಮಾಡುವ ಗುಂಡಿಯ ಪಕ್ಕದಲ್ಲೇ ‘ಟಿವಿ/ರೇಡಿಯೋ’ ಅಂತ ಒಂದು ಇದೆ. ಬೆರಳು ಜಾರಿ ಅದಕ್ಕೆ ತಾಗಿದರೆ ಚಿತ್ರ ಮಾಯ, ರೇಡಿಯೋ ಪಟ್ಟಿ ಬರುತ್ತದೆ. ಮತ್ತೆ ಅದನ್ನೇ ಒತ್ತಿದರೆ ಸರಿಯಾಗುತ್ತದೆ ಅಂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಹಗಲು ಹೊತ್ತು ಮನೆಯಲ್ಲಿ ಅವರೊಬ್ಬರೇ. ನಾವು ಬರುವ ತನಕ ಖಾಲಿ ಪರದೆ ಮುಂದೆ ಕೂತಿರುತ್ತಾರೆ.

ಇನ್ನು ಕರೆಂಟ್. ಮಳೆಗಾಲದಲ್ಲಿ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಕರೆಂಟ್ ಬಂದ ಮೇಲೆ ಈ ಬಾಕ್ಸ್ ನೋಡುತ್ತಿದ್ದ ಚಾನೆಲ್ಲಿಗೆ ವಾಪಸ್ ಹೋಗುವುದಿಲ್ಲ. ನಾವು ಕೇಳದ ಯಾವುದೋ ಚಾನೆಲ್ ಹಾಕಿಕೊಂಡು ದೊಡ್ಡ ಸ್ವರದಲ್ಲಿ ಶುರು ಮಾಡುತ್ತದೆ. ಟಿವಿ ಹಾಕಲು ಒಂದು ರಿಮೋಟ್, ಬಾಕ್ಸಿಗೆ ಇನ್ನೊಂದು.

ಬೇರೆ ರಿಮೋಟ್ ಸಿಗುತ್ತದಾ? ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ.

ಮುಳ್ಳೇರಿಯ ತೋಟ

ಆ ರೇಡಿಯೋ ಗುಂಡಿ! ನಮ್ಮಲ್ಲೂ ಅದೇ ಕಥೆ ಅಕ್ಕ. ಅಪ್ಪ ಟಿವಿ ಹಾಳಾಯಿತು ಅಂತಲೇ ತಿಳಿದುಕೊಂಡಿದ್ದರು.

ಕುಂಬಳೆ ರಿಪೇರಿ

ಅಕ್ಕ, ನಾನು ಟಿವಿ ರಿಪೇರಿ ಮಾಡುವವ. ಈ ದೂರು ನನ್ನ ಅಂಗಡಿಗೆ ದಿನಾ ಬರುತ್ತದೆ. ಕೆಲವಕ್ಕೆ ಪರಿಹಾರ ಉಂಟು, ಕೆಲವಕ್ಕೆ ಇಲ್ಲ.

ಎರಡು ರಿಮೋಟಿನ ತಾಪತ್ರಯ ಮೊದಲು ಮುಗಿಸಿ. ನಿಮ್ಮ ಬಾಕ್ಸ್ ರಿಮೋಟಿನಲ್ಲಿ ನಾಲ್ಕೈದು ಗುಂಡಿಗೆ ಮಾತ್ರ ಸುತ್ತ ಗೆರೆ ಎಳೆದು ‘ಟಿವಿ’ ಅಂತ ಬರೆದಿದೆಯಾ ನೋಡಿ. ಅವು ಕಲಿಯುವ ಗುಂಡಿಗಳು. ಜಾಸ್ತಿ ರಿಮೋಟುಗಳಲ್ಲಿ ಕ್ರಮ ಹೀಗೆ: ‘ಸೆಟ್’ ಗುಂಡಿಯನ್ನು ಕೆಂಪು ದೀಪ ನಿಂತು ಉರಿಯುವ ತನಕ ಒತ್ತಿ ಹಿಡಿಯಬೇಕು. ಆಮೇಲೆ ಕಲಿಸಬೇಕಾದ ಗುಂಡಿ ಒತ್ತಬೇಕು, ದೀಪ ಮಿನುಗುತ್ತದೆ. ಟಿವಿಯ ರಿಮೋಟನ್ನು ಇದರ ಮೂತಿಗೆ ಮೂತಿ ಕೊಟ್ಟು ಮೇಜಿನ ಮೇಲೆ ಇಟ್ಟು, ಅದರ ಪವರ್ ಗುಂಡಿ ಒತ್ತಬೇಕು. ಕಲಿತರೆ ದೀಪ ಬೇರೆ ಥರ ಮಿನುಗುತ್ತದೆ. ಕೊನೆಗೆ ಮತ್ತೆ ‘ಸೆಟ್’. ಕಂಪೆನಿಯಿಂದ ಕಂಪೆನಿಗೆ ಸಣ್ಣ ವ್ಯತ್ಯಾಸ ಇರುತ್ತದೆ. ಅಲ್ಲಿಗೆ ಟಿವಿ ರಿಮೋಟನ್ನು ಕಪಾಟಿನಲ್ಲಿ ಇಟ್ಟುಬಿಡಿ.

ಸ್ವರ ಎರಡು ಕಡೆ ಇರುತ್ತದೆ, ಬಾಕ್ಸಿನದ್ದೊಂದು, ಟಿವಿಯದ್ದೊಂದು. ಕರೆಂಟ್ ಬಂದಾಗ ಬಾಕ್ಸ್ ತನ್ನ ಸ್ವರವನ್ನು ಮೇಲಕ್ಕೆ ಹಾಕಿಕೊಳ್ಳುತ್ತದೆ ಅಂತಾದರೆ, ಬಾಕ್ಸನ್ನು ಪೂರ್ತಿ ಏರಿಸಿ, ಟಿವಿಯಲ್ಲಿ ಅಮ್ಮನಿಗೆ ಹಿತವಾಗುವಷ್ಟು ಇಡಿ. ಆಗ ಬಾಕ್ಸ್ ಎಷ್ಟು ಕಿರುಚಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಟಿವಿಯ ಸ್ವರದ ಗುಂಡಿಯನ್ನೂ ಆ ಕಲಿಯುವ ಗುಂಡಿಗೆ ಕಲಿಸಿದರೆ ಮುಗಿಯಿತು.

ಬೇರೆ ರಿಮೋಟ್ ವಿಷಯ. ಇವೆಲ್ಲ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುವಂಥವು. ಹೆಚ್ಚಿನವು ಸೆಕೆಂಡಿಗೆ 38 ಸಾವಿರ ಸಲ ಮಿನುಗುವ ಬೆಳಕಿನಲ್ಲಿ ಸಂಕೇತ ಕಳಿಸುತ್ತವೆ. ಆದರೆ ಆ ಸಂಕೇತ ಒಂದೊಂದು ಬಾಕ್ಸಿಗೆ ಒಂದೊಂದು, ಒಂದು ಬೀಗದ ಕೀಲಿ ಇನ್ನೊಂದಕ್ಕೆ ಆಗದ ಹಾಗೆ. ಆದ್ದರಿಂದ ಅಂಗಡಿಗೆ ಬರುವಾಗ ಹಳೇ ರಿಮೋಟ್ ತನ್ನಿ, ಬಾಕ್ಸಿನ ಅಡಿಯಲ್ಲಿರುವ ಚೀಟಿಯ ಫೋಟೋ ತನ್ನಿ. ಇಷ್ಟಾದರೂ ಸಿಗುವುದು ಅದೇ ಕಪ್ಪು ರಿಮೋಟಿನ ನಕಲು. ಗುಂಡಿ ದೊಡ್ಡದಿರುವ, ಎಲ್ಲವನ್ನೂ ಕಲಿಯುವ ರಿಮೋಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಅದರಲ್ಲೂ ಚಾನೆಲ್ ನಂಬರ್ ಒತ್ತುವ ಸಮಯ ಬಾಕ್ಸಿನ ಕೈಯಲ್ಲೇ ಇರುವುದು. ಅದನ್ನು ಯಾವ ರಿಮೋಟೂ ಸರಿ ಮಾಡುವುದಿಲ್ಲ.

ನೀರ್ಚಾಲು ಅಕ್ಕ

ಅಣ್ಣ, ತುಂಬಾ ಉಪಕಾರ. ಗೆರೆ ಎಳೆದ ಗುಂಡಿಗಳು ಇವೆ! ಅದು ಯಾಕೆ ಅಂತ ಯಾರೂ ಹೇಳಿರಲಿಲ್ಲ, ಬಾಕ್ಸಿನ ಜೊತೆ ಒಂದು ಹಾಳೆ ಕಾಗದವೂ ಬಂದಿಲ್ಲ. ಅಮ್ಮನ ನಾಲ್ಕು ಚಾನೆಲ್ ನಾಲ್ಕು ಕಡೆ ಚದುರಿರುವುದಕ್ಕೆ ಏನು ಮಾಡುವುದು?

ಮಂಜೇಶ್ವರ ಮಾಷ್ಟ್ರು

ಅದಕ್ಕೆ ಕಾರಣ ಹೇಳುತ್ತೇನೆ, ಕೇಬಲಿನವರು ಬೇಕಂತಲೇ ಮಾಡಿದ್ದಲ್ಲ. ಫೋನ್, ಟಿವಿ ಸೇವೆಗಳನ್ನು ನಿಯಂತ್ರಿಸುವ ಕೇಂದ್ರದ ಸಂಸ್ಥೆ ಟ್ರಾಯ್ 2017ರಲ್ಲಿ ಒಂದು ನಿಯಮ ಮಾಡಿತು. ಚಾನೆಲ್‌ಗಳನ್ನು ಬಗೆಯ ಪ್ರಕಾರ ಒಟ್ಟಿಗೆ ಇಡಬೇಕು. ಮನರಂಜನೆ ಒಂದು ಕಡೆ, ಸಿನಿಮಾ ಒಂದು ಕಡೆ, ಸಂಗೀತ, ವಾರ್ತೆ, ಮಕ್ಕಳದ್ದು, ಭಕ್ತಿ, ಆಟೋಟ ಹೀಗೆ. ಒಂದೊಂದು ಬಗೆಯ ಒಳಗೆ ಒಂದು ಭಾಷೆಯವು ಒಟ್ಟಿಗೆ ಇರಬೇಕು. ಒಂದು ಚಾನೆಲ್ ಒಂದೇ ಜಾಗದಲ್ಲಿ ಬರಬೇಕು. ನಿಯಮ ಒಳ್ಳೆಯದೇ. ಮುಂಚೆ ದುಡ್ಡು ಕೊಟ್ಟವರಿಗೆ ಒಳ್ಳೆಯ ನಂಬರ್ ಅಂತಿತ್ತು.

ಆದರೆ ನಮ್ಮಂಥವರಿಗೆ ಏನಾಯಿತು ನೋಡಿ. ನಮ್ಮ ಕಾಸರಗೋಡು ಇರುವುದು ಕೇರಳದಲ್ಲಿ, ಮನರಂಜನೆಯಲ್ಲಿ ಮೊದಲು ಮಲಯಾಳಂ ಬರುತ್ತದೆ, ಅದು ನ್ಯಾಯವೇ. ಆಮೇಲೆ ತಮಿಳು, ಹಿಂದಿ, ಇಂಗ್ಲಿಷ್, ಎಲ್ಲೋ ಕನ್ನಡ. ಮತ್ತೆ ಸಿನಿಮಾದಲ್ಲೂ ಹಾಗೇ, ವಾರ್ತೆಯಲ್ಲೂ ಹಾಗೇ. ಬೆಂಗಳೂರಿನವರಿಗೆ ಪ್ರತಿ ಬಗೆಯ ತಲೆಯಲ್ಲೇ ಕನ್ನಡ ಸಿಗುತ್ತದೆ. ನಮಗೆ ಪ್ರತಿ ಬಗೆಯ ಹೊಟ್ಟೆಯೊಳಗೆ. ಧಾರಾವಾಹಿಯಿಂದ ವಾರ್ತೆಗೆ ಹೋಗಬೇಕಾದರೆ ನಡುವೆ ನೂರಾರು ನಂಬರ್. ಮೇಲೆ ಕೆಳಗೆ ಬಾಣ ಒತ್ತುತ್ತಾ ಹೋದರೆ ‘ನೀವು ಈ ಚಾನೆಲ್ ಪಡೆದಿಲ್ಲ’ ಅಂತ ಹೇಳುವ ಖಾಲಿ ಚಾನೆಲ್‌ಗಳನ್ನೆಲ್ಲ ದಾಟಬೇಕು. ಒಂದೊಂದೂ ಅರ್ಧ ನಿಮಿಷ ಯೋಚಿಸಿದ ಹಾಗೆ ಮಾಡುತ್ತದೆ.

999ರಲ್ಲಿ ಚಾನೆಲ್ ಪಟ್ಟಿ, ಬೆಲೆ ತೋರಿಸಬೇಕು ಅಂತಲೂ ಟ್ರಾಯ್ ಹೇಳಿದೆ. ಅಲ್ಲಿಂದ ನಂಬರ್ ಬರೆದುಕೊಂಡು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಸದ್ಯಕ್ಕೆ ಅಷ್ಟಾದರೂ ಆಗುತ್ತದೆ.

ತಾಳವಾಡಿ ಹುಡುಗ

ಮಾಷ್ಟ್ರೆ, ಈರೋಡು ಜಿಲ್ಲೆಯ ನಮ್ಮ ತಾಳವಾಡಿಯಲ್ಲೂ ಇದೇ ಗೋಳು, ಮಲಯಾಳಂ ಇರುವಲ್ಲಿ ತಮಿಳು ಅಂತ ಓದಿಕೊಳ್ಳಿ. ಗಡಿ ದಾಟಿದರೆ ಚಾಮರಾಜನಗರ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕನ್ನಡ ಚಾನೆಲ್ ಬೆರಳ ತುದಿಯಲ್ಲಿ, ಇಲ್ಲಿ ಅಜ್ಜಿ ಅದೇ ಧಾರಾವಾಹಿಗೆ ನನ್ನನ್ನು ಕೂಗಬೇಕು. ರಿಮೋಟಿನಲ್ಲಿ ‘ಫೇವ್’ ಅಂತ, ಅಂದರೆ ಫೇವರಿಟ್, ನಮಗೆ ಇಷ್ಟದ ಚಾನೆಲ್‌ಗಳ ಪಟ್ಟಿಗೆ, ಗುಂಡಿ ಇದೆಯಲ್ಲ, ಅದು ಕೆಲಸ ಮಾಡುತ್ತಾ ನಿಮ್ಮಲ್ಲಿ? ನಮ್ಮ ಬಾಕ್ಸ್‌ನಲ್ಲಿ ಒತ್ತಿದರೆ ‘ಪಟ್ಟಿ ಖಾಲಿ’ ಅಂತ ಬರುತ್ತೆ ಅಷ್ಟೇ.

ಉಪ್ಪಳ ಲೈನ್‌ಮ್ಯಾನ್

ನಾನು ಕೇಬಲ್ ಕೆಲಸ ಮಾಡುವವ. ಮನೆ ಮನೆಗೆ ಹೋಗಿ ಬೈಗುಳ ತಿನ್ನುವವ ನಾನೇ, ಅದಕ್ಕೆ ಎರಡು ಮಾತು ಹೇಳಬೇಕು.

ಬಾಕ್ಸ್ ಮಾಡುವುದು ಊರಿನ ಕೇಬಲಿನವನಲ್ಲ. ಮೇಲಿನ ದೊಡ್ಡ ಕಂಪೆನಿ ಸಾವಿರಗಟ್ಟಲೆ ತರಿಸುತ್ತದೆ, ಅದರೊಳಗಿನ ಸಾಫ್ಟ್‌ವೇರ್ ಅವರದ್ದೇ. ಕರೆಂಟ್ ಬಂದ ಕೂಡಲೇ ಯಾವ ಚಾನೆಲ್ ತೆರೆಯಬೇಕು ಅಂತ ಅಲ್ಲಿಂದಲೇ ತೀರ್ಮಾನ. ಮೊದಲು ತೆರೆಯುವ ಆ ಜಾಗಕ್ಕೆ ಚಾನೆಲ್‌ನವರು ಹಣ ಕೊಡುತ್ತಾರೆ. ನಾವು ಬದಲಿಸಲು ಆಗುವುದಿಲ್ಲ. ನಂಬರ್ ಒತ್ತುವ ಸಮಯವೂ ಹಾಗೇ.

ಫೇವ್ ಪಟ್ಟಿ ಮಾತ್ರ ನಮ್ಮ ಕೈಯಲ್ಲಿ ಉಂಟು. ಮೊದಲು ಪಟ್ಟಿ ತುಂಬಿಸಬೇಕು ತಮ್ಮ, ಅದಕ್ಕೇ ನಿಮ್ಮಲ್ಲಿ ಖಾಲಿ ಬರುವುದು. ಮೆನು ಒತ್ತಿ, ಚಾನೆಲ್ ಎಡಿಟ್ ಅಥವಾ ಚಾನೆಲ್ ಮ್ಯಾನೇಜರ್ ಅಂತ ಇರುತ್ತದೆ. ಪಾಸ್‌ವರ್ಡ್ ಕೇಳಿದರೆ ನಿಮ್ಮ ಲೈನ್‌ಮ್ಯಾನನ್ನು ಕೇಳಿ. ಬೇಕಾದ ಚಾನೆಲ್ ಮೇಲೆ ನಿಂತು ಫೇವ್ ಒತ್ತಿದರೆ ಹೃದಯದ ಚಿಹ್ನೆಯೋ ನಕ್ಷತ್ರವೋ ಬೀಳುತ್ತದೆ. ಉಳಿಸಿ ಹೊರಗೆ ಬನ್ನಿ. ಆಮೇಲೆ ಫೇವ್ ಒತ್ತಿ ಆ ಪಟ್ಟಿಯೊಳಗೆ ಹೋದರೆ, ಕೆಲವು ಬಾಕ್ಸ್‌ಗಳಲ್ಲಿ ಮೇಲೆ ಕೆಳಗೆ ಬಾಣವೂ ಆ ಪಟ್ಟಿಯೊಳಗೇ ಸುತ್ತುತ್ತದೆ. ನಿಮ್ಮ ಅಮ್ಮನಿಗೆ ಅದೇ ಬೇಕಾದದ್ದು. ಮೇಲಿನಿಂದ ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಪಟ್ಟಿ ಅಳಿಸಿಹೋಗುವುದೂ ಉಂಟು, ಆಗ ಮತ್ತೆ ಮಾಡಬೇಕು. ಹೊಸ ಬಾಕ್ಸ್ ಕೂರಿಸಲು ಹೋದಲ್ಲಿ ವಯಸ್ಸಾದವರಿದ್ದರೆ ನಾನು ಇದನ್ನು ಮಾಡಿಕೊಟ್ಟೇ ಬರುತ್ತೇನೆ. ಐದು ನಿಮಿಷದ ಕೆಲಸ.

ನೀರ್ಚಾಲು ಅಕ್ಕ

ಅಣ್ಣ, ನೀವು ಬೈಸಿಕೊಳ್ಳಬೇಕಾದವರಲ್ಲ. ನಿಮ್ಮಂಥವರು ನಮ್ಮ ಕಡೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಆದರೂ ಒಂದು ಮಾತು ಹೇಳದೆ ಇರಲಾರೆ. ಈ ಬಾಕ್ಸನ್ನು ನಾವು ಆಸೆಪಟ್ಟು ತಂದದ್ದಲ್ಲ. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಮಾಡಿ ಡಿಜಿಟಲ್ ಕಡ್ಡಾಯ ಮಾಡಿದರು. ಮಹಾನಗರಗಳಿಂದ ಶುರುವಾಗಿ ನಾಲ್ಕು ಹಂತ. ಹಳ್ಳಿಗಳಿಗೆ ಕೊನೆಯ ಗಡುವು 2016ರ ಡಿಸೆಂಬರ್ ಅಂತಿದ್ದದ್ದು ಮುಂದಕ್ಕೆ ಹೋಗಿ 2017ರ ಮಾರ್ಚ್ 31 ಆಯಿತು. ಅದಕ್ಕೆ ಮುಂಚೆ ಕೇಬಲ್ ವೈರನ್ನು ನೇರ ಟಿವಿಗೆ ಚುಚ್ಚಿದರೆ ಆಯಿತು. ಅಮ್ಮ ಟಿವಿಯ ರಿಮೋಟಿನಲ್ಲಿ 7 ಒತ್ತಿದರೆ ಚಂದನ. ಯಾರ ಸಹಾಯವೂ ಬೇಕಾಗಿರಲಿಲ್ಲ ಅವರಿಗೆ. ಕಾನೂನು ಮಾಡಿ ಎಲ್ಲರ ಮನೆಗೂ ಒಂದು ಸಾಮಾನು ಕೊಡುವಾಗ, ಅದು ಎಲ್ಲರ ಕೈಗೂ ಆಗಬೇಕಲ್ವಾ? ಬಾಕ್ಸ್ ಬಂದ ಮೇಲೆ ಅಮ್ಮ ಟಿವಿ ನೋಡುವುದು ಕಡಿಮೆಯಾದದ್ದು ಬೇಜಾರಿನಿಂದಲ್ಲ, ಪ್ರತಿ ಸಲ ಯಾರನ್ನಾದರೂ ಕರೆಯಬೇಕಲ್ಲ ಅನ್ನುವ ಸಂಕೋಚದಿಂದ. ನನಗೆ ಸಿಟ್ಟು ಬರುವುದು ಅಲ್ಲಿ.

ಮಂಜೇಶ್ವರ ಮಾಷ್ಟ್ರು

ಸಿಟ್ಟು ಬರಬೇಕಾದದ್ದೇ ಅಕ್ಕ. ಇದು ಬರೇ ಅನುಕೂಲದ ಮಾತಲ್ಲ, ಕಾನೂನಿನಲ್ಲೂ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಅದರ 42ನೇ ಸೆಕ್ಷನ್ ತೆಗೆದು ನೋಡಿ. ದಿನನಿತ್ಯ ಬಳಸುವ ಎಲೆಕ್ಟ್ರಾನಿಕ್ ಸಾಮಾನು ಎಲ್ಲರೂ ಬಳಸುವಂಥ ವಿನ್ಯಾಸದಲ್ಲಿ ಸಿಗುವ ಹಾಗೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು ಅಂತ ಇದೆ. ಕಣ್ಣು ಮಂಜಾದವರು ಟಿವಿ ಕೇಳುತ್ತಾರೆ, ನೋಡುವುದು ಮಾತ್ರ ಅಲ್ಲ. ಅವರಿಗೆ ರಿಮೋಟ್ ಬೆರಳಿಗೆ ಗೊತ್ತಾಗಬೇಕು.

ಒಂದು ಪರೀಕ್ಷೆ ಮಾಡಿ. ರಿಮೋಟಿನ 5ರ ಮೇಲೆ ಬೆರಳಾಡಿಸಿ. ಒಂದು ಸಣ್ಣ ಉಬ್ಬು ಚುಕ್ಕೆ ಇರಬೇಕು. ಹಳೆಯ ಫೋನು, ಎಟಿಎಂ, ಎಲ್ಲದರಲ್ಲೂ ಅದು ಇರುತ್ತದೆ. ಆ ಚುಕ್ಕೆ ಸಿಕ್ಕಿದರೆ ಉಳಿದ ಅಂಕಿಗಳನ್ನು ನೋಡದೇ ಒತ್ತಬಹುದು. ನನ್ನ ಬಾಕ್ಸಿನ ರಿಮೋಟಿನಲ್ಲಿ ಇಲ್ಲ. ಒಂದು ಚುಕ್ಕೆಗೆ ಎಷ್ಟು ಖರ್ಚು ಬೀಳುತ್ತಿತ್ತು?

ನೀರ್ಚಾಲು ಅಕ್ಕ

ಈಗಷ್ಟೇ ನೋಡಿದೆ. ನಮ್ಮದರಲ್ಲೂ ಇಲ್ಲ ಮಾಷ್ಟ್ರೆ.

ಅಕ್ಕಲಕೋಟೆ ವೈನಿ

ಚುಕ್ಕಿ ಇಲ್ಲಂದ್ರ ಹಾಕ್ಕೋಬೇಕ್ರಿ. ನಮ್ಮ ಅತ್ತಿಯವರಿಗೆ ನಾನು ಮಾಡಿಕೊಟ್ಟಿದ್ದು ಹೇಳತೀನಿ. ಉಗುರಿಗೆ ಹಚ್ಚೋ ಬಣ್ಣ ತಗೊಂಡು 5ರ ಮ್ಯಾಲೆ ಒಂದು ಹನಿ. ಒಣಗಿದ ಮ್ಯಾಲೆ ಅದರ ಮ್ಯಾಲೆ ಇನ್ನೊಂದು ಹನಿ. ಬೆರಳಿಗೆ ಚೆಂದ ಹತ್ತತದ. ಪವರಿಗೆ ಕೆಂಪು, ಫೇವಿಗೆ ಹಳದಿ. ಬ್ಯಾಡಾದ ಗುಂಡಿ ಮುಚ್ಚಬೇಕು. ಅದಕ್ಕ ದಪ್ಪ ರಟ್ಟು ತಗೊಂಡು, ಬೇಕಾದ ಗುಂಡಿ ಇರೋ ಕಡೆ ತೂತು ಮಾಡಿ, ರಿಮೋಟಿನ ಮ್ಯಾಲೆ ಇಟ್ಟು ಸುತ್ತ ಟೇಪ್ ಹಚ್ಚೀನಿ. ರೇಡಿಯೋ ಗುಂಡಿ, ಆಡಿಯೋ ಗುಂಡಿ, ಎ.ವಿ. ಗುಂಡಿ ಎಲ್ಲಾ ಒಳಗ ಹೋದವು. ತೂತು ಗುಂಡಿಗಿಂತ ಒಂಚೂರು ದೊಡ್ಡದು ಇರಲಿ, ಇಲ್ಲಾಂದ್ರ ಗುಂಡಿ ಸಿಕ್ಕೊಂಡು ಒತ್ತೇ ಇರತದ. ಬ್ಯಾಟರಿ ಬಾಗಿಲು ಬಿಟ್ಟು ಟೇಪ್ ಹಚ್ಚ್ರಿ.

ನಮ್ಮ ಕಡೆ ಮೊದಲು ಮರಾಠಿ, ಆಮ್ಯಾಗ ಹಿಂದಿ. ಕನ್ನಡ ಹುಡುಕೋದು ಎಲ್ಲಾ ಕಡೆ ಒಂದೇ ಅದ ನೋಡ್ರಿ.

ಕುಂಬಳೆ ರಿಪೇರಿ

ವೈನಿಯವರ ಉಪಾಯ ಒಂದು ನಂಬರ್. ಆಡಿಯೋ ಗುಂಡಿ ನೆನಪಿಸಿದ್ದು ಒಳ್ಳೆಯದಾಯಿತು. ಮಕ್ಕಳ ಚಾನೆಲ್‌ಗಳಲ್ಲಿ, ಆಟದ ಚಾನೆಲ್‌ಗಳಲ್ಲಿ ಒಂದೇ ಚಿತ್ರಕ್ಕೆ ಮೂರ್ನಾಲ್ಕು ಭಾಷೆ ಇರುತ್ತದೆ, ಅದನ್ನು ಬದಲಿಸುವ ಗುಂಡಿ ಅದು. ತಿಳಿಯದೆ ಒತ್ತಿ ‘ಕನ್ನಡ ಹೋಯಿತು’ ಅಂತ ಬಾಕ್ಸ್ ತೆಗೆದುಕೊಂಡು ನನ್ನಲ್ಲಿಗೆ ಬರುತ್ತಾರೆ.

ರಿಮೋಟ್ ಕೆಲಸ ಮಾಡುತ್ತಿಲ್ಲ ಅಂತ ಬಿಸಾಡುವ ಮುಂಚೆ ಇದನ್ನೂ ನೋಡಿ. ಫೋನಿನ ಕ್ಯಾಮರಾ ತೆರೆದು ರಿಮೋಟಿನ ಮೂತಿ ಅದಕ್ಕೆ ತೋರಿಸಿ, ಗುಂಡಿ ಒತ್ತಿ. ನೇರಳೆ ಬಣ್ಣದ ಬೆಳಕು ಮಿನುಗಿದರೆ ರಿಮೋಟ್ ಜೀವಂತ. ಹಿಂದಿನ ಕ್ಯಾಮರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮರಾದಲ್ಲಿ ನೋಡಿ. ಕೆಲವು ಗುಂಡಿಗೆ ಮಾತ್ರ ಬೆಳಕು ಬರುವುದಿಲ್ಲ ಅಂತಾದರೆ ಒಳಗಿನ ರಬ್ಬರ್ ಹಾಳೆಯ ಕಪ್ಪು ಚುಕ್ಕೆಗೆ ಎಣ್ಣೆ, ಬೆವರು ಹಿಡಿದಿದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಗಟ್ಟಿಯಾಗಿ ಉಜ್ಜಿದರೆ ಆ ಕಪ್ಪು ಪದರವೇ ಹೋಗುತ್ತದೆ. ನಮ್ಮ ಕಡಲ ಗಾಳಿಗೆ ಬ್ಯಾಟರಿ ಸ್ಪ್ರಿಂಗ್ ಕಿಲುಬು ಹಿಡಿಯುವುದು ಬೇಗ, ಅದನ್ನೂ ನೋಡಿ. ಮತ್ತೆ ಬಾಕ್ಸನ್ನು ಟಿವಿಯ ಹಿಂದೆ ಅಡಗಿಸಿ ಇಡಬೇಡಿ. ಬೆಳಕು ತಿರುಗಿ ಹೋಗುವುದಿಲ್ಲ. ಸಂಜೆಯ ಬಿಸಿಲು ನೇರ ಬಾಕ್ಸಿನ ಮೂತಿಗೆ ಬಿದ್ದರೂ ರಿಮೋಟ್ ಹಿಡಿಯುವುದು ಕಷ್ಟ.

ಮುಳ್ಳೇರಿಯ ತೋಟ

ನಾವು ಕೇಬಲ್ ಬಿಟ್ಟು ಡಿಡಿ ಫ್ರೀ ಡಿಶ್ ಹಾಕಿಸಿದೆವು. ತಿಂಗಳ ಬಾಡಿಗೆ ಇಲ್ಲ, ಡಿಶ್ ಮತ್ತು ಬಾಕ್ಸಿಗೆ ಒಂದೇ ಸಲ ಖರ್ಚು. ಜಿಸ್ಯಾಟ್-15 ಉಪಗ್ರಹ, 93.5 ಡಿಗ್ರಿ ಪೂರ್ವ. ನಮ್ಮಲ್ಲಿಂದ ಆಗ್ನೇಯಕ್ಕೆ, ಚೆನ್ನಾಗಿ ಮೇಲೆ ನೋಡಿಕೊಂಡು ಡಿಶ್ ಇಡಬೇಕು. ಅಡಿಕೆ ಮರ ಅಡ್ಡ ಬರುತ್ತದೆ ಅಂತ ಹೆದರಿದ್ದೆವು, ಅಂಗಳದಲ್ಲೇ ಸಿಕ್ಕಿತು. ಚಂದನ ಬರುತ್ತದೆ. ದೊಡ್ಡ ಮಳೆ ಬಂದಾಗ ಚಿತ್ರ ನಿಲ್ಲುತ್ತದೆ. ಧಾರಾವಾಹಿ ಬೇಕಾದವರಿಗೆ, ನಮ್ಮ ಲೋಕಲ್ ಯಕ್ಷಗಾನ ಬೇಕಾದವರಿಗೆ ಇದು ಆಗುವುದಿಲ್ಲ. ಅಪ್ಪನಿಗೆ ಚಂದನ ಸಾಕು, ಹಾಗಾಗಿ ನೆಮ್ಮದಿ. ಹೊಸ ಟಿವಿ ಕೊಳ್ಳುವವರು ಅದರೊಳಗೇ ಸ್ಯಾಟಲೈಟ್ ಟ್ಯೂನರ್ ಇರುವುದನ್ನು ಕೇಳಿ. ಡಿಶ್ಶಿನ ವೈರ್ ನೇರ ಟಿವಿಗೆ, ಬಾಕ್ಸೂ ಬೇಡ, ಎರಡನೇ ರಿಮೋಟೂ ಬೇಡ.

ತಾಳವಾಡಿ ಹುಡುಗ

ಒಂದು ಪ್ರಶ್ನೆ. ಮೊಬೈಲಿಗೆ ಸಿಮ್ ಬದಲಿಸುವ ಹಾಗೆ ಬಾಕ್ಸ್ ನಮ್ಮದೇ ಒಳ್ಳೆಯದು ತಂದು, ಕೇಬಲಿನವರ ಕಾರ್ಡ್ ಮಾತ್ರ ಹಾಕಲು ಆಗಲ್ವಾ?

ಉಪ್ಪಳ ಲೈನ್‌ಮ್ಯಾನ್

ಸದ್ಯ ಆಗುವುದಿಲ್ಲ ತಮ್ಮ. ಬೇರೆ ಕಂಪೆನಿಯ ಬಾಕ್ಸ್ ನಮ್ಮ ಲೈನಿನಲ್ಲಿ ತೆರೆಯುವುದಿಲ್ಲ. ಯಾವ ಬಾಕ್ಸ್ ಯಾವ ಲೈನಿಗೂ ಆಗಬೇಕು ಅಂತ ಟ್ರಾಯ್ 2020ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತ್ತು. ಹಾಗೇನಾದರೂ ಆದರೆ ಅಂಗಡಿಯಲ್ಲಿ ಹತ್ತು ಥರದ ಬಾಕ್ಸ್ ಬರುತ್ತದೆ, ಒಳ್ಳೆಯ ರಿಮೋಟ್ ಕೊಟ್ಟವನದ್ದು ಮಾರಾಟ ಆಗುತ್ತದೆ. ಈಗ ಗಿರಾಕಿ ಆರಿಸುವ ಹಾಗಿಲ್ಲವಲ್ಲ, ಚೆನ್ನಾಗಿ ಮಾಡಲು ಯಾರಿಗೆ ಏನು ಒತ್ತಾಯ?

ನೀರ್ಚಾಲು ಅಕ್ಕ

ಫೇವ್ ಪಟ್ಟಿ ಮಾಡಿಯಾಯಿತು! ನಮ್ಮ ಬಾಕ್ಸಿನಲ್ಲಿ ಬಾಣ ಆ ಪಟ್ಟಿಯೊಳಗೇ ಸುತ್ತುತ್ತದೆ. ಅಮ್ಮ ಒಬ್ಬರೇ ವಾರ್ತೆಯಿಂದ ಯಕ್ಷಗಾನಕ್ಕೆ ಹೋದರು. 5ರ ಮೇಲೆ ಚುಕ್ಕೆ ಬಿತ್ತು, ಮಗಳು ರಟ್ಟಿನ ಕವಚವನ್ನೂ ಮಾಡಿದ್ದಾಳೆ, ಅಕ್ಕಲಕೋಟೆಯವರಿಗೆ ಎಲ್ಲರ ಪರವಾಗಿ ವಂದನೆ. ಆದರೆ ಕರೆಂಟ್ ಹೋಗಿ ಬಂದರೆ ಬಾಕ್ಸ್ ಮತ್ತೆ ಆ ಜಾಹೀರಾತಿನ ಚಾನೆಲ್‌ಗೇ ಹೋಗುತ್ತದೆ, ಫೇವ್ ಪಟ್ಟಿಯಿಂದಲೂ ಹೊರಗೆ ಬಂದಿರುತ್ತದೆ. ಅದೊಂದು ನಾವು ಮನೆಯಲ್ಲಿ ಕೂತು ಸರಿ ಮಾಡುವಂಥದ್ದಲ್ಲ.

ಕುಂಬಳೆ ರಿಪೇರಿ

ಬಾಕ್ಸಿಗೆ ಒಂದು ಸಣ್ಣ ಡಿಸಿ ಯುಪಿಎಸ್ ಹಾಕಬಹುದು ಅಕ್ಕ, ವೈಫೈ ರೂಟರಿಗೆ ಹಾಕುತ್ತಾರಲ್ಲ ಅದೇ. ಬಾಕ್ಸಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಓದಿ, ಜಾಸ್ತಿಯವು 12 ವೋಲ್ಟ್. ಕರೆಂಟ್ ಹೋದರೂ ಬಾಕ್ಸ್ ಆಫ್ ಆಗುವುದಿಲ್ಲ, ಚಾನೆಲ್ ಹಾಗೇ ಇರುತ್ತದೆ. ಟಿವಿ ಮಾತ್ರ ಮತ್ತೆ ಹಾಕಬೇಕು. ಗುಡುಗು ಮಿಂಚು ಇರುವಾಗ ಪ್ಲಗ್ ತೆಗೆಯಲೇಬೇಕು, ಕೇಬಲ್ ವೈರನ್ನೂ ಬಾಕ್ಸಿನಿಂದ ಬಿಚ್ಚಿಡಿ. ತುಲಾ ತಿಂಗಳ ಸಿಡಿಲಿಗೆ ಆ ವೈರಿನಿಂದಲೇ ಸುಟ್ಟ ಬಾಕ್ಸ್ ನನ್ನಲ್ಲಿಗೆ ಬರುವುದು ಜಾಸ್ತಿ.

ಮಂಜೇಶ್ವರ ಮಾಷ್ಟ್ರು

ಯುಪಿಎಸ್ ನಮ್ಮ ಖರ್ಚು. ದೂರು ಅವರಿಗೆ ಮುಟ್ಟಲೇಬೇಕು. ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ ಬರೇ ಮಾತಾಡಿ ಇಡಬೇಡಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಆ ನಂಬರ್ ಹಾಕಿ ಕಂಪೆನಿಯ ನೋಡಲ್ ಅಧಿಕಾರಿಗೆ, ಅಂದರೆ ಬಗೆಹರಿಯದ ದೂರು ನೋಡುವವರಿಗೆ, ಬರೆಯಬಹುದು. ಒಂಟಿ ದೂರಿಗಿಂತ ಒಟ್ಟಿಗೆ ಬರೆದರೆ ತೂಕ ಜಾಸ್ತಿ. ನಾನು ಅರ್ಜಿ ಬರೆಯುತ್ತೇನೆ. ಕರೆಂಟ್ ಬಂದಾಗ ಬಿಟ್ಟ ಚಾನೆಲ್ಲೇ ತೆರೆಯಬೇಕು. ನಂಬರ್ ಒತ್ತಲು ಐದು ಸೆಕೆಂಡಾದರೂ ಸಮಯ ಬೇಕು. ಪಡೆಯದ ಚಾನೆಲ್‌ಗಳನ್ನು ಬಾಣ ಹಾರಿಸಿಕೊಂಡು ಹೋಗಬೇಕು. ಇವು ಮೂರೂ ಸಾಫ್ಟ್‌ವೇರಿನಲ್ಲಿ ಆಗುವಂಥವು, ಹೊಸ ಬಾಕ್ಸ್ ಬೇಕಾಗಿಲ್ಲ. 5ರ ಚುಕ್ಕೆಯನ್ನು ಮುಂದಿನ ಸಲ ತರಿಸುವ ರಿಮೋಟಿಗೆ ಕೇಳೋಣ.

ಕಾಸರಗೋಡು ತಾಲೂಕು, ಮಂಜೇಶ್ವರ ತಾಲೂಕಿನವರು ನಿಮ್ಮ ಬಾಕ್ಸಿನ ಮಾಡೆಲ್ ನಂಬರ್ ಮಾತ್ರ ಇಲ್ಲಿ ಹಾಕಿ, ಹೆಸರು ವಿಳಾಸ ಬೇಡ. ಕರೆಂಟ್ ಬಂದ ಮೇಲೆ ನಿಮ್ಮಲ್ಲಿ ಏನು ತೆರೆಯುತ್ತದೆ ಅಂತಲೂ ಬರೆಯಿರಿ.

ಉಪ್ಪಳ ಲೈನ್‌ಮ್ಯಾನ್

ಮಾಷ್ಟ್ರೆ, ಅರ್ಜಿಯ ಒಂದು ಪ್ರತಿ ಮಲಯಾಳಂನಲ್ಲೂ ಮಾಡಿ. ಆಫೀಸಿನಲ್ಲಿ ಮೊದಲು ಓದುವವರಿಗೆ ಸುಲಭ. ವಸೂಲಿಗೆ ಹೋಗುವ ಮನೆಗಳಲ್ಲಿ ಸಹಿ ನಾನು ಹಾಕಿಸಿ ತರುತ್ತೇನೆ. ಮಲಯಾಳಂ ಮನೆಗಳ ಅಜ್ಜಿಯರೂ ಇದೇ ರೇಡಿಯೋ ಗುಂಡಿಯ ದೂರು ಹೇಳುತ್ತಾರೆ, ಅವರೂ ಸೇರುತ್ತಾರೆ.